ದೊಡ್ಡಪ್ಪನ ಧ್ವನಿಯಲ್ಲಿ ‘ಸೈಡ್ ಕೊಡು’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಖಂಡ ಭಜನೆಯ ಮೈಕಿನ ಮುಂದೆ ಕೂತು, ಅದೂ ಸ್ವಂತ ದೊಡ್ಡಪ್ಪನ ಧ್ವನಿಯನ್ನು ಗಂಟಲಿಗೆ ತಂದುಕೊಂಡು, ಪಾಂಡುರಂಗ ವಿಠಲನಿಗೆ ‘ಸೈಡ್ ಕೊಡು’ ಎಂದು ಕೂಗಿದ ಮಹಾನುಭಾವ ನಾನೇ. ಬೇರೆಯವರು ಹೇಳಿ ನಿಮಗೆ ಗೊತ್ತಾಗುವ ಮೊದಲು ನಾನೇ ಹೇಳುವುದು ಲೇಸು, ಯಾಕೆಂದರೆ ಬೇರೆಯವರು ಹೇಳುವಾಗ ಉಪ್ಪು ಖಾರ ಜಾಸ್ತಿ ಹಾಕುತ್ತಾರೆ. ಮಂಕಿಯಿಂದ ಹೊನ್ನಾವರಕ್ಕೆ ಹೋಗುವ ಟೆಂಪೋ ಹತ್ತಿದರೆ ಈಗಲೂ ಯಾರಾದರೊಬ್ಬರು ಸೀಟಿನಲ್ಲಿ ಸರಿದು, “ಬಾರಾ, ನಿಂಗಲ್ಲದೆ ಮತ್ಯಾರಿಗೆ ಸೈಡ್ ಕೊಡೂದು?” ಎನ್ನುತ್ತಾರೆ. ಕೂರಲು ಜಾಗ ಸಿಗುತ್ತದಲ್ಲ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇದೆಲ್ಲ ಮತ್ತೆ ನೆನಪಾಗಲು ಕಾರಣ ಒಂದು ಸೇಫ್ಟಿ ಪಿನ್ನು. ಈಗ ನಾನು ಮದುವೆಮನೆ, ಗಣೇಶೋತ್ಸವ, ಶಾಲೆಯ ಗ್ಯಾದರಿಂಗು ಎಂದು ಊರೂರು ತಿರುಗಿ ಮಿಮಿಕ್ರಿ ಮಾಡುತ್ತೇನೆ. ಮೊನ್ನೆ ಕುಮಟೆಯ ಒಂದು ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಕಿತ್ತು ಬಂತು. ಪಿನ್ನು ಎಲ್ಲಿದೆ ಎಂದು ದೊಡ್ಡಮ್ಮನನ್ನು ಕೇಳಿದರೆ ಅವಳು ಮೀನು ಕೊಯ್ಯುತ್ತಿದ್ದ ಕೈಯನ್ನೇ ಬೀಸಿ, “ಅಲ್ಲೇ ಕಿಟಕಿ ಮೇಲೆ ನೋಡಾ, ಆ ಕರೀ ಕನ್ನಡಕದವ್ನ ಡಬ್ಬಿಲಿ” ಎಂದಳು. ನೋಡಿದರೆ ಒಂದು ಹಳೆಯ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿ. ಒಳಗೆ ಪಿನ್ನು, ಸೂಜಿ, ಎರಡು ಬಣ್ಣದ ದಾರ. ಮೇಲೆ, ಸೂಜಿಗಳ ಗೀರುಗಳ ನಡುವೆ ಇನ್ನೂ ಧೈರ್ಯವಾಗಿ ನಿಂತುಕೊಂಡು, ಕಿಡಿ ಕಿಟ್ಟಿ!

ಕಿಡಿ ಕಿಟ್ಟಿ ಯಾರು ಎಂದು ಕೇಳಿದಿರಾ? ಆಯಿತು, ನೀವು ಆಗ ಇನ್ನೂ ತೊಟ್ಟಿಲಲ್ಲಿದ್ದಿರಿ ಎಂದುಕೊಳ್ಳುತ್ತೇನೆ. ಅಥವಾ ಗೊತ್ತಿದ್ದೂ ಮರ್ಯಾದಸ್ಥರಂತೆ ನಟಿಸುತ್ತಿದ್ದೀರಿ. ಅವನ ಮೊದಲ ಕ್ಯಾಸೆಟ್ಟು ‘ಸೈಡ್ ಕೊಡು’ ಬಂದಾಗ ನಾನು ಹೊನ್ನಾವರದಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು ಎಂದರೆ ಹೆಚ್ಚು ಸರಿ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಅವನು ಕರೀ ಕನ್ನಡಕ ಏರಿಸಿ, ಟೊಪ್ಪಿಯನ್ನು ಹಿಂದುಮುಂದಾಗಿ ಹಾಕಿದ್ದ. ಕೊರಳಲ್ಲಿದ್ದ ಸರ ದೋಣಿ ಕಟ್ಟುವ ಹಗ್ಗದಷ್ಟು ದಪ್ಪ. ಎರಡೂ ಕೈಯ ಬೆರಳುಗಳನ್ನು, ಬಲೆಯಿಂದ ಬಿಡಿಸುವಾಗ ಏಡಿ ಮಾಡುತ್ತದಲ್ಲ, ಹಾಗೆ ನಮ್ಮ ಮುಖದತ್ತ ಚಾಚಿದ್ದ. ಹಾಡುತ್ತಿರಲಿಲ್ಲ, ಹೇಳುತ್ತಿದ್ದ. ಹಿಂದೆ ಧಬ್ ಧಬ್ ಎಂದು ಡ್ರಮ್ಮು, ಮುಂದೆ ಅವನ ಬಾಯಿ:

“ಸೈಡ್ ಕೊಡು, ಸೈಡ್ ಕೊಡು, ನಿಂತೆ ಯಾಕೋ ಅಡ್ಡ,
ಹಾರ್ನು ಹೊಡೆದು ಸಾಕಾಯ್ತು, ನಿನ್ ಕಿವಿ ಏನು ಜಡ್ಡ?”

ಹೊನ್ನಾವರದ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ಟಂಗಡಿಯವನು ನನಗೆ ಹೇಳಿದ್ದ: ಹುಬ್ಬಳ್ಳಿಯಿಂದ ಪೆಟ್ಟಿಗೆ ಬಂದರೆ ಹಗ್ಗ ಬಿಚ್ಚುವಷ್ಟರಲ್ಲಿ ಖಾಲಿ, ಭಕ್ತಿಗೀತೆಗಳು ಧೂಳು ತಿನ್ನುತ್ತಿವೆ. ಹೀಗೆ ಹೇಳುವಾಗ ಅವನ ಮುಖದಲ್ಲಿ ಸಂತೋಷವೂ ಇತ್ತು, ಪಾಪಭಯವೂ ಇತ್ತು. ಗಲ್ಲಾಪೆಟ್ಟಿಗೆಯ ಮೇಲಿನ ದೇವರಪಟಕ್ಕೆ ಆ ವಾರ ಎರಡು ಊದುಬತ್ತಿ ಜಾಸ್ತಿ ಹಚ್ಚುತ್ತಿದ್ದ.

ಆದರೆ ಕೊಂಡವರೆಲ್ಲ ಹೊಗಳಿದರು ಎಂದುಕೊಳ್ಳಬೇಡಿ. ಒಂದು ಕ್ಯಾಸೆಟ್ಟಿಗಾಗಿ ನಮ್ಮ ಕರಾವಳಿಯ ಜನ ಅಷ್ಟು ಜಗಳವಾಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಟೆಂಪೋದಲ್ಲಿ ಡ್ರೈವರ್ ಹಾಕಿದರೆ ಹಿಂದಿನ ಸೀಟಿನ ಕಾಲೇಜು ಹುಡುಗರು ಸೀಟಿ ಹೊಡೆಯುತ್ತಿದ್ದರು, ಮುಂದಿನ ಸೀಟಿನ ಹಿರಿಯರು “ನಿಲ್ಸಾ, ನಾವು ಇಳ್ದು ನಡ್ಕಂಡು ಹೋಗ್ತೇವೆ” ಎನ್ನುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ಯಾರೂ ಇಳಿದು ನಡೆದದ್ದಿಲ್ಲ. ನಮ್ಮ ಊರಿನ ಸುಬ್ರಾಯ ಮಾಸ್ತರು, ನನಗೆ ಒಂದನೇ ಇಯತ್ತೆಯಿಂದ ಕನ್ನಡ ಕಲಿಸಿ ಆಮೇಲೆ ನಿವೃತ್ತರಾದವರು, ಪತ್ರಿಕೆಯ ವಾಚಕರ ವಿಭಾಗಕ್ಕೆ ‘ಕನ್ನಡಾಂಬೆಯ ಕೊರಳಿಗೆ ನಾಯಿಯ ಸರಪಳಿ’ ಎಂದು ಬರೆದು ಕಳಿಸಿದರು. ಇನ್ನು ಮುಂಬೈಯಲ್ಲಿ ಕೆಲಸಕ್ಕಿದ್ದು ರಜೆಗೆ ಬಂದಿದ್ದ ನಮ್ಮ ಕೇರಿಯ ಒಬ್ಬನ ತಕರಾರು ಬೇರೆಯೇ. ಅವನು ದೊಗಲೆ ಚಡ್ಡಿ ಹಾಕಿಕೊಂಡು ಕಡಲದಂಡೆಯಲ್ಲಿ ನಿಂತು, “ಇದು ಅಸಲಿ ಅಲ್ಲ ಮಾರಾಯ. ಅಸಲಿ ರ‍್ಯಾಪು ಅಂದ್ರೆ ಗಲ್ಲಿಯಿಂದ ಬರಬೇಕು. ಇದು ದುಡ್ಡಿಗಾಗಿ ಸಕ್ಕರೆ ಹಾಕಿದ್ದು” ಎಂದು ನಮ್ಮನ್ನೆಲ್ಲ ಹಳ್ಳಿಯವರನ್ನಾಗಿ ಮಾಡಿಬಿಟ್ಟ. ಹೀಗೆ ಕಿಟ್ಟಿ ಹಿರಿಯರ ಪಾಲಿಗೆ ಅತಿಯಾದ, ಮುಂಬೈಯವನ ಪಾಲಿಗೆ ಸಾಲದವನಾದ. ಸೀಟಿ ಹೊಡೆದದ್ದು ನಡುವಿನಲ್ಲಿದ್ದ ನಾವು ಮಾತ್ರ.

ಈಗ ಪಕ್ಷಪಾತವಿಲ್ಲದೆ ಹೇಳಬೇಕೆಂದರೆ, ಕ್ಯಾಸೆಟ್ಟು ಅಷ್ಟೇನೂ ದೊಡ್ಡದಲ್ಲ. ‘ಎ’ ಬದಿಯಲ್ಲಿ ಅರ್ಧದಷ್ಟು ಅವನ ಬೂಟಿನ ವರ್ಣನೆ. ‘ಬಿ’ ಬದಿಯಲ್ಲಿ ಒಬ್ಬ ಹುಡುಗಿಯ ಮನೆಯ ಫೋನು ಯಾವಾಗಲೂ ಎಂಗೇಜು. ಆದರೆ ಕೊನೆಗೊಂದು ಹಾಡಿತ್ತು. ಅದನ್ನು ಯಾರೂ ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ, ಬಹುಶಃ ಅಲ್ಲಿಯವರೆಗೆ ಕೇಳುವ ತಾಳ್ಮೆ ಎರಡೂ ಪಕ್ಷಕ್ಕೆ ಇರಲಿಲ್ಲ. ಸಂಗೀತದ ಮೇಷ್ಟ್ರು ತನ್ನ ಕಂಠ ಕೇಳಿ ಮೊದಲ ದಿನವೇ ಮನೆಗೆ ಕಳಿಸಿದ್ದನ್ನು ಅವನು ಅದರಲ್ಲಿ ಹೇಳಿಕೊಂಡಿದ್ದ. ಹಾಡಲು ಬಾರದವನು ಏನು ಮಾಡಬೇಕು, ಸುಮ್ಮನಿರಬೇಕೇ, ಎಂದು ಕೇಳಿದ್ದ. ಆ ಸಾಲಿನಲ್ಲಿ ಏಡಿ ಬೆರಳು, ಹಗ್ಗದ ಸರ ಎಲ್ಲ ಮರೆತು ಹೋಗಿ ಒಬ್ಬ ಹುಡುಗ ಮಾತ್ರ ಉಳಿಯುತ್ತಿದ್ದ. ನನಗೆ ಅವನು ಇಷ್ಟವಾದದ್ದು ಅಲ್ಲಿ. ಯಾಕೆಂದರೆ ನನ್ನ ಸ್ವಂತ ಧ್ವನಿ ಮಳೆಯಲ್ಲಿ ನೆಂದ ಸೈಕಲ್ ಬ್ರೇಕಿನದು. ಊರಿನಲ್ಲಿ ಯಾರ ಧ್ವನಿ ಬೇಕಾದರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಸಿಗುತ್ತಿತ್ತು: ಟೆಂಪೋದ ಕ್ಲೀನರು, ಮೂಗಿನಲ್ಲಿ ಮಂತ್ರ ಹೇಳುವ ಭಟ್ಟರು, “ಕುಳಿತುಕೊಳ್ಳತಕ್ಕದ್ದು” ಎನ್ನುವ ಸುಬ್ರಾಯ ಮಾಸ್ತರು. ಮನೆಯ ಯಜಮಾನನದ್ದೊಂದು ಬಿಟ್ಟು ಉಳಿದವರದ್ದೆಲ್ಲ ಇತ್ತು.

ಯಜಮಾನ ಎಂದೆನಲ್ಲ, ನಮ್ಮ ಮನೆಯ ನಿಜವಾದ ಯಜಮಾನ ದೊಡ್ಡಪ್ಪ ಸೋಮಯ್ಯ. ದೋಣಿಯವನು. ಅವನದು ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಗಾಳಿಯ ಎದುರೇ ತಲುಪುವ ಧ್ವನಿ. ಆ ಧ್ವನಿ ಸಮುದ್ರದಲ್ಲಿ ಬಯ್ಯುವುದಕ್ಕೂ ವಿಠಲ ದೇವಸ್ಥಾನದಲ್ಲಿ ಭಜನೆಗೂ ಬಳಕೆಯಾಗುತ್ತಿತ್ತು, ಎರಡರಲ್ಲೂ ಒಂದೇ ಶ್ರದ್ಧೆ. ಮನೆಯಲ್ಲಿ ಕಿಟ್ಟಿಯ ಕ್ಯಾಸೆಟ್ಟನ್ನು ನಾನು ಹಾಕುತ್ತಿದ್ದದ್ದು ಭಟ್ಕಳದ ದುಬೈ ಸಾಮಾನಿನ ಅಂಗಡಿಯಿಂದ ತಂದಿದ್ದ ಟೇಪ್‌ರೆಕಾರ್ಡರಿನಲ್ಲಿ. ಅದರ ಸೌಂಡು ಎಷ್ಟೆಂದರೆ ಅಂಗಳದಲ್ಲಿ ಒಣಗಲು ಹಾಕಿದ್ದ ಮೀನು ಕೂಡ ಸ್ವಲ್ಪ ಜಾಗ ಬದಲಿಸುತ್ತಿತ್ತು. ದೊಡ್ಡಪ್ಪ ಮೊದಲು ಹೇಳಿ ನೋಡಿದ. ಆಮೇಲೆ ಬೈದು ನೋಡಿದ. ಒಂದು ದಿನ ನಾನು ಕಾಲೇಜಿನಿಂದ ಬಂದರೆ ಅಂಗಳದ ತುಂಬ ಕಂದುಬಣ್ಣದ ರಿಬ್ಬನ್ನು ಹೊಳೆಯುತ್ತಿದೆ. ಕ್ಯಾಸೆಟ್ಟಿನ ಹೊಟ್ಟೆ ಬಗೆದು, ಟೇಪೆಲ್ಲ ಹೊರಗೆಳೆದು, ಬಿದಿರು ಕೋಲುಗಳ ನಡುವೆ ಒಣಮೀನಿನ ಮೇಲೆ ಅಡ್ಡಡ್ಡ ಕಟ್ಟಿದ್ದಾನೆ. ಗಾಳಿಗೆ ಅದು ಜುಂಯ್ ಎನ್ನುತ್ತಿದೆ. ಒಂದೇ ಒಂದು ಕಾಗೆ ಇಲ್ಲ. ತೆಂಗಿನ ಮರದ ಮೇಲೆ ಸಾಲಾಗಿ ಕೂತು ಸುಬ್ರಾಯ ಮಾಸ್ತರಂತೆ ನೋಡುತ್ತಿವೆ.

“ಈಗ ನೋಡಾ ತಮಾ,” ಎಂದ ದೊಡ್ಡಪ್ಪ, ಬೀಡಿ ಹಚ್ಚುತ್ತಾ, “ನಿನ್ನ ಕಿಟ್ಟಿ ಒಂದು ಕೆಲಸಕ್ಕೆ ಬಂದ.”

ನಾನು ಅಳಲಿಲ್ಲ. ಅಷ್ಟರೊಳಗೆ ಇಡೀ ಕ್ಯಾಸೆಟ್ಟು ನನಗೆ ಬಾಯಿಪಾಠವಾಗಿತ್ತು. ಖಾಲಿ ಡಬ್ಬಿಯನ್ನು ದೊಡ್ಡಮ್ಮ ಎತ್ತಿಟ್ಟಳು.

ಈಗ ಭಜನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ವಿಠಲ ದೇವಸ್ಥಾನದಲ್ಲಿ ಕಾರ್ತಿಕದಲ್ಲಿ ಭಜನಾ ಸಪ್ತಾಹ. ದೀಪ ಹಚ್ಚಿ ಶುರು ಮಾಡಿದರೆ ಏಳು ದಿನ ಹಗಲೂ ರಾತ್ರಿ ಭಜನೆ ನಿಲ್ಲಬಾರದು. ಕೇರಿ ಕೇರಿಗೂ ಪಾಳಿ ಹಂಚಿರುತ್ತಾರೆ. ಒಂದು ಪಾಳಿಯವರು ತಾಳ ಕುಟ್ಟುತ್ತಿರುವಾಗಲೇ ಇನ್ನೊಂದು ಪಾಳಿಯವರು ಬಂದು ಅದೇ ತಾಳಕ್ಕೆ ಕೈ ಸೇರಿಸಿ, ಆಮೇಲೆ ಮೊದಲಿನವರು ಏಳಬೇಕು. ದೇವಸ್ಥಾನದ ತೆಂಗಿನಮರಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಭಜನೆ ಕೇರಿಯ ಎಲ್ಲ ಮನೆಗೂ, ದಂಡೆಗೂ, ಗಾಳಿ ಸರಿ ಇದ್ದರೆ ದೋಣಿಗಳಿಗೂ ಕೇಳಬೇಕು. ಎಲ್ಲರೂ ಹೆದರುವ ಪಾಳಿ ಎಂದರೆ ಮಧ್ಯಾಹ್ನ ಹನ್ನೆರಡರಿಂದ ಮೂರು. ನಡುರಾತ್ರಿಯಾದರೆ ಚಹಾ ಕೊಡುತ್ತಾರೆ, ಮಾತಿಗೆ ಜನ ಇರುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ, ಸಮಾರಾಧನೆಯ ಊಟ ಹೊಟ್ಟೆಯಲ್ಲಿ ಕೂತಿರುವಾಗ, ಖಾಲಿ ದೇವಸ್ಥಾನದಲ್ಲಿ ಹಾಡುವುದು ಗಂಡಸರ ಕೆಲಸ ಎನ್ನುತ್ತಿದ್ದ ದೊಡ್ಡಪ್ಪ. ಅವನ ಅಪ್ಪನ ಕಾಲದಿಂದ ಅದು ನಮ್ಮ ಪಾಳಿ. ಅವನಿಗೆ ದೋಣಿ ಎರಡನೆಯದು, ಪಾಳಿ ಮೊದಲನೆಯದು.

ಆ ವರ್ಷ ಸಪ್ತಾಹಕ್ಕೆ ಸ್ವಲ್ಪ ಮುಂಚೆ ದೊಡ್ಡಪ್ಪನ ಧ್ವನಿ ಹೋಯಿತು. ಮೊದಲು ಬಿರುಕು ಬಿಟ್ಟಿತು, ಆಮೇಲೆ ಗೊರಗೊರ, ಆಮೇಲೆ ಬರೀ ಗಾಳಿ. ಕುಮಟೆಯ ಡಾಕ್ಟರು ಗಂಟಲೊಳಗೆ ಲೈಟು ಬಿಟ್ಟು ನೋಡಿ, ಬಾವು ಬಂದಿದೆ, ತಿಂಗಳ ಕಾಲ ಒಂದು ಶಬ್ದವನ್ನೂ ಆಡಕೂಡದು, ಪಿಸುಮಾತು ಕೂಡ ಬೇಡ, ಆಡಿದರೆ ಆಪರೇಷನ್ನು ಎಂದರು. ದೊಡ್ಡಪ್ಪ ಹಾವಭಾವದಲ್ಲಿ ಬಯ್ಯುವುದನ್ನು ಕಲಿತ. ದೊಡ್ಡಮ್ಮ ಅದನ್ನು ಕನ್ನಡಕ್ಕೆ ಅನುವಾದಿಸುವುದನ್ನು ಕಲಿತಳು, ಮತ್ತು ಅನುವಾದದಲ್ಲಿ ಸ್ವಂತದ್ದನ್ನೂ ಸೇರಿಸುತ್ತಿದ್ದಳು.

ಸುದ್ದಿ ಸಪ್ತಾಹ ಸಮಿತಿಗೆ ತಲುಪಿತು. ಸಮಿತಿಯ ಅಧ್ಯಕ್ಷರು ಸುಬ್ರಾಯ ಮಾಸ್ತರೇ. ಒಳ್ಳೆಯ ಮನುಷ್ಯ, ನಾನು ಎಷ್ಟೇ ಅಣಕಿಸಿದರೂ ಇದನ್ನು ಹೇಳಲೇಬೇಕು. ಸಂಜೆ ಮನೆಗೆ ಬಂದು, ಜಗುಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು ಮೆಲ್ಲಗೆ ಶುರು ಮಾಡಿದರು.

“ಸೋಮಯ್ಯ, ನೀನು ಅನ್ಯಥಾ ಭಾವಿಸಬಾರದು. ತೆಂಕಲಕೇರಿಯ ತಂಡದವರು ಕೇಳುತ್ತಿದ್ದಾರೆ. ಅವರಲ್ಲಿ ಹಾರ್ಮೋನಿಯಂ ಇದೆ, ಎಲ್ಲರೂ ಒಂದೇ ಹಳದಿ ಬಣ್ಣದ ಅಂಗಿ ಹೊಲಿಸಿಕೊಂಡಿದ್ದಾರೆ. ಈ ವರ್ಷ ನಿನ್ನ ಪಾಳಿಯನ್ನು ಅವರಿಗೆ ಬಿಟ್ಟುಕೊಟ್ಟರೆ ನಿನ್ನ ಗಂಟಲಿಗೂ ವಿಶ್ರಾಂತಿ ದೊರೆಯುತ್ತದೆ.”

ದೊಡ್ಡಪ್ಪ ತಲೆ ಅಡ್ಡ ಆಡಿಸಿದ. ಒಂದು ವರ್ಷ ಬಿಟ್ಟುಕೊಟ್ಟ ಪಾಳಿ ಮರಳಿ ಬಂದದ್ದು ನಮ್ಮ ದೇವಸ್ಥಾನದಲ್ಲಿ ಯಾರೂ ಕೇಳಿಲ್ಲ. ಮಾಸ್ತರು ಇನ್ನೊಮ್ಮೆ ಹೇಳಿದರು. ದೊಡ್ಡಪ್ಪ ಇನ್ನೊಮ್ಮೆ ಆಡಿಸಿದ, ಈ ಸಲ ಕೈಯೂ ಸೇರಿತು.

“ಅವ್ರು ಹೇಳೂದು, ಸತ್ರೂ ಕೊಡೂದಿಲ್ಲ ಹೇಳಿ,” ಎಂದಳು ದೊಡ್ಡಮ್ಮ ಬಾಗಿಲಿನಿಂದ. “ಅಂಗಿ ಬಣ್ಣ ನೋಡಿ ವಿಠಲ ಬರೂದಿಲ್ಲ ಅಂತೆ.” ಎರಡನೆಯ ವಾಕ್ಯ ಅವಳದೇ ಎಂದು ನನಗೆ ಅನುಮಾನ.

ಮಾಸ್ತರು ಎದ್ದರು. “ಆಗಲಿ, ನಡೆಸು. ಆದರೆ ನಿಯಮ ನಿಯಮವೇ. ಭಜನೆ ಮುರಿದಲ್ಲಿ ಪಾಳಿ ಬದಲಾಗತಕ್ಕದ್ದು.”

ಅವರು ಓಣಿ ದಾಟಿದ ಮೇಲೆ ನಾನು ಬಾವಿಕಟ್ಟೆಯಲ್ಲಿ ಗೆಳೆಯ ಗಣಪುವಿನ ಮುಂದೆ ಇಡೀ ಸಂಭಾಷಣೆಯನ್ನು ಆಡಿ ತೋರಿಸಿದೆ. ಮಾಸ್ತರ ಪಾತ್ರ ಮುಗಿಯಿತು, ದೊಡ್ಡಮ್ಮನದು ಮುಗಿಯಿತು. ದೊಡ್ಡಪ್ಪನಿಗೆ ಮಾತೇ ಇರಲಿಲ್ಲವಾದ್ದರಿಂದ ನಾನೇ ಮಾತು ಕೊಟ್ಟೆ. ಅಲ್ಲಿಯವರೆಗೆ ಹೆದರಿಕೆಯಿಂದ ಮುಟ್ಟಿರದ ಆ ಧ್ವನಿಯನ್ನು ಮೊದಲ ಸಲ ಹೊರಗೆ ತೆಗೆದೆ. ಮೂಲದವನಿಗೆ ಬಯ್ಯಲು ಬಾರದ ತಿಂಗಳಿಗಿಂತ ಒಳ್ಳೆಯ ಮುಹೂರ್ತ ಎಲ್ಲಿದೆ! ಅವನು ಭಜನೆ ಎತ್ತುವಾಗ ಕೊರಳು ಓರೆ ಮಾಡಿ “ಹೇ ವಿಠ್ಠಲಾ” ಎಂದು ಎಳೆಯುವುದನ್ನು ಹಾಗೆಯೇ ಎಳೆದೆ. ಗಣಪು ನಗಲಿಲ್ಲ. ನನ್ನ ಹೆಗಲಿನ ಹಿಂದೆ ನೋಡುತ್ತಿದ್ದ.

ತಿರುಗಿದರೆ ದೊಡ್ಡಪ್ಪ. ನಾನು ಕೆನ್ನೆಯನ್ನು ಸಿದ್ಧಮಾಡಿಕೊಂಡೆ. ಅವನು ಹೊಡೆಯಲಿಲ್ಲ. ಬಹಳ ಹೊತ್ತು ನನ್ನ ಗಂಟಲನ್ನೇ ನೋಡಿದ, ಕಳೆದುಹೋದ ತನ್ನ ವಸ್ತು ಪಕ್ಕದ ಮನೆಯಲ್ಲಿ ಸಿಕ್ಕವನ ಹಾಗೆ. ಆಮೇಲೆ ಬೆರಳು ತಿರುಗಿಸಿದ: ಇನ್ನೊಮ್ಮೆ.

ಹೀಗೆ ನಾನು ಭಜನೆಗೆ ಭರ್ತಿಯಾದೆ. ಏರ್ಪಾಡು ಸರಳವಾಗಿತ್ತು, ನಮ್ಮ ಪಾಳಿಯವರ ಹೊರತು ಯಾರಿಗೂ, ದೊಡ್ಡಮ್ಮನಿಗೂ, ಗೊತ್ತಿರಲಿಲ್ಲ. ಶುರುವಿಗೆ ಒಂದೆರಡು ಭಜನೆ ನಾನು ದೊಡ್ಡಪ್ಪನ ಧ್ವನಿಯಲ್ಲಿ ಎತ್ತುವುದು, ಮೈಕಿನಲ್ಲಿ ಕೇಳಿ ಕೇರಿಯ ಜನಕ್ಕೆ ಸಮಾಧಾನವಾಗಲಿ ಎಂದು. ಆಮೇಲೆ ಕೇರಿಯ ಹಿರಿಯ ಭಜಕರು ಪಾಳಿಯನ್ನು ಎಳೆದುಕೊಂಡು ಹೋಗುವುದು. ಅವರಿಗೆ ನೂರಾರು ಪದ ಗೊತ್ತು. ನಾನು ಪಕ್ಕದಲ್ಲಿ ಕೂತು ಪಾನಕ ಕುಡಿಯುವುದು.

ಆ ದಿನ ಬೆಳಿಗ್ಗೆ ಬಂಗಡೆ ಬಿತ್ತು.

ಬಂಗಡೆ ಬಿತ್ತು ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಗೆ ಹೇಳಲಿ? ಕಡಲು ಕಪ್ಪಾಗುತ್ತದೆ, ನೀರು ಕುದಿಯುವ ಹಾಗೆ ಕಾಣುತ್ತದೆ, ದಂಡೆಯಲ್ಲಿ ನಿಂತವನು ಮದುವೆಗೆ ಹೊರಟಿದ್ದರೂ ದೋಣಿಗೆ ಹಾರುತ್ತಾನೆ. ನಮ್ಮ ಭಜಕರೆಲ್ಲ “ಹನ್ನೆರಡಕ್ಕೆ ಬಂದ್ವಿ ಅಂತ ತಿಳ್ಕಳಿ” ಎಂದು ಹೋದರು. ಬಲೆ ಎಳೆಯಲಾರದಷ್ಟು ಮೀನು ಸಿಕ್ಕಿತು, ಆದ್ದರಿಂದ ಬರಲಿಲ್ಲ. ಹನ್ನೆರಡಕ್ಕೆ ನಮ್ಮ ಪಾಳಿಗೆ ಕೂತದ್ದು ತಾಳ ಹಿಡಿದ ಮೂಕ ದೊಡ್ಡಪ್ಪ, ಕಿವಿ ಮಂದವಾದ ಜಟ್ಟಿ ಅಜ್ಜ, ಡೋಲಕ್ ಹಿಡಿದ ಗಣಪು, ಮೈಕಿನ ಮುಂದೆ ನಾನು. ಗಣಪುವಿಗೆ ಬರುತ್ತಿದ್ದದ್ದು ಒಂದೇ ಪೆಟ್ಟು, ಅದನ್ನೂ ಅವನು ಕಲಿತದ್ದು ಕಿಟ್ಟಿಯ ಕ್ಯಾಸೆಟ್ಟಿನಿಂದ. ಎದುರಿನ ಕಂಬಕ್ಕೆ ಒರಗಿ ಸುಬ್ರಾಯ ಮಾಸ್ತರು ಕಣ್ಣು ಮುಚ್ಚಿ ಧ್ಯಾನದಲ್ಲಿದ್ದರು. ಬೇರೆ ನರಪಿಳ್ಳೆ ಇರಲಿಲ್ಲ.

ಶುರು ಬಹಳ ಚೆನ್ನಾಗಿಯೇ ಆಯಿತು. “ಹೇ ವಿಠ್ಠಲಾ” ಎಂದು ಎಳೆದೆ. ಧ್ವನಿವರ್ಧಕದಿಂದ ದೊಡ್ಡಪ್ಪನೇ ಹೊರಟ. ದೊಡ್ಡಪ್ಪ ತನ್ನ ಧ್ವನಿ ಕೇಳುತ್ತಾ ಕಣ್ಣು ಮುಚ್ಚಿ ತಾಳ ಹಾಕಿದ. ಜಟ್ಟಿ ಅಜ್ಜ ನನ್ನ ತುಟಿ ನೋಡಿ, ಎರಡು ಶಬ್ದ ಹಿಂದಿನಿಂದ, ನಿಷ್ಠೆಯಿಂದ ಪುನರಾವರ್ತಿಸಿದ. ಆದರೆ ಒಂದು ಸತ್ಯ ನನಗೆ ಅಲ್ಲಿ ಕೂತ ಮೇಲೆಯೇ ಹೊಳೆದದ್ದು: ದೊಡ್ಡಪ್ಪನಿಂದ ನಾನು ಕದ್ದದ್ದು ಎರಡು ಗಂಟೆಗೆ ಸಾಲುವಷ್ಟು ಭಜನೆ ಮಾತ್ರ. ಗೇಲಿ ಮಾಡಲು ಅಷ್ಟು ಸಾಕಿತ್ತು. ದೇವರಿಗೆ ಸಾಲಲಿಲ್ಲ.

ಖಜಾನೆ ಮುಗಿದು ನಾನು ಮೊದಲನೆಯದನ್ನೇ ತಿರುಗಿ ಎತ್ತಹೊರಟಾಗ ದೊಡ್ಡಪ್ಪ ಕಣ್ಣು ಬಿಟ್ಟ. ತಲೆ ಅಡ್ಡ ಆಡಿಸಿದ. ಅದು ಅವನದೇ ಕಟ್ಟಳೆ. ಒಂದು ಪಾಳಿಯಲ್ಲಿ ಒಂದೇ ಭಜನೆ ಎರಡು ಸಲ ಬಂದರೆ ದೇವರಿಗೆ ಹಳಸಿದ್ದು ಬಡಿಸಿದ ಹಾಗೆ. ನಾನು ಬರೀ “ವಿಠಲ, ವಿಠಲ” ಎನ್ನತೊಡಗಿದೆ. ಹೊರಗೆ ದಂಡೆಯತ್ತ ಕಣ್ಣು. ಒಬ್ಬ ಭಜಕನೂ ಕಾಣಿಸುತ್ತಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿದೆ. ಗಣಪು ತನ್ನ ಒಂದೇ ಪೆಟ್ಟನ್ನು ಧಬ್ ಧಬ್ ಎಂದು ಬಾರಿಸುತ್ತಿದ್ದಾನೆ. ಬಾಯಿ ಒಂದು ಸೆಕೆಂಡು ನಿಂತರೆ ನಮ್ಮಪ್ಪನ ಅಪ್ಪನ ಪಾಳಿ ಹಳದಿ ಅಂಗಿಯವರದು. ಎದುರಿಗೆ ಕರಿಕಲ್ಲಿನ ವಿಠಲ ಇಟ್ಟಿಗೆ ಮೇಲೆ ನಿಂತು, ಸೊಂಟಕ್ಕೆ ಕೈಕೊಟ್ಟು, ‘ಮುಂದೆ?’ ಎನ್ನುವವನ ಹಾಗೆ ನೋಡುತ್ತಿದ್ದಾನೆ. ಆ ಪೆಟ್ಟಿನ ಮೇಲೆ ಬಾಯಿಗೆ ಗೊತ್ತಿದ್ದ ದಾರಿ ಒಂದೇ. ನಾನು ಹೋಗಲಿಲ್ಲ, ಬಾಯೇ ಹೋಯಿತು:

“ಇಟ್ಟಿಗೆ ಮೇಲೆ ನಿಂತೆ ಯಾಕೋ, ಸೈಡ್ ಕೊಡೋ ವಿಠಲ,
ಸೊಂಟಕೆ ಕೈ ಕೊಟ್ಟೆ ಯಾಕೋ, ಸೈಡ್ ಕೊಡೋ ವಿಠಲ!”

ಜಟ್ಟಿ ಅಜ್ಜ ತಡವಿಲ್ಲದೆ, “ಕೊಡೋ ವಿಠಲ!” ಎಂದ. ಅವನಿಗೆ ಎಲ್ಲ ಭಜನೆಯೂ ಒಂದೇ.

ದೊಡ್ಡಪ್ಪನ ಕೈ ಗಾಳಿಯಲ್ಲಿ ತಡೆಯಿತು. ತಾಳದ ಎರಡು ಬಿಲ್ಲೆಗಳ ನಡುವೆ ಒಂದು ಬೆರಳಿನಷ್ಟು ಜಾಗ. ನನ್ನತ್ತ ನೋಡಿದ. ಕ್ಯಾಸೆಟ್ಟಿನ ಹೊಟ್ಟೆ ಬಗೆದವನ ಕಣ್ಣು ಅದು. ನಾನು ನಿಲ್ಲಿಸುತ್ತಿದ್ದೆ, ನಿಜವಾಗಿ ನಿಲ್ಲಿಸುತ್ತಿದ್ದೆ. ಅಷ್ಟರಲ್ಲಿ ಬಿಲ್ಲೆಗಳು ಟಣ್ ಎಂದು ಕೂಡಿದವು. ಗಣಪುವಿನ ಪೆಟ್ಟಿಗೆ ಸರಿಯಾಗಿ. ಆಮೇಲೆ ಮತ್ತೊಮ್ಮೆ. ಆಮೇಲೆ ಅವನು ಗಲ್ಲ ಎತ್ತಿದ; ದೋಣಿಯಲ್ಲಿ ಹುಟ್ಟು ಹಾಕುವವನಿಗೆ ‘ಎಳಿ’ ಎನ್ನಲು ಎತ್ತುವ ಹಾಗೆ.

ಎಳೆದೆ. ಕಿಟ್ಟಿಯ ಬೂಟಿನ ಜಾಗದಲ್ಲಿ ವಿಠಲನ ಪಾದ ಬಂತು. ಎಂಗೇಜಾದ ಫೋನಿನ ಜಾಗದಲ್ಲಿ ಕಿವಿಗೊಡದ ದೇವರು ಬಂದ. ಮೂಲದ ಸರಕು ತೀರಿದ ಮೇಲೆ ಎದುರಿಗೆ ಕಂಡದ್ದನ್ನೆಲ್ಲ ಹೇಳಿದೆ. ‘ಬಂಗಡೆ ಬಿತ್ತು, ಜನ ಹೋತು, ಸೈಡ್ ಕೊಡೋ ವಿಠಲ’ ಎಂದೆ. ‘ಗಂಟ್ಲು ಕಟ್ತು, ಮಾತು ಹೋತು, ಸೈಡ್ ಕೊಡೋ ವಿಠಲ’ ಎಂದೆ. ಈ ಸಾಲು ಬಂದಾಗ ಏನಾಯಿತೋ, ದೊಡ್ಡಪ್ಪನ ಧ್ವನಿ ನನ್ನ ಗಂಟಲಿನಿಂದ ಜಾರಿಬಿಟ್ಟಿತು. ಹೊರಗೆ ಬಂದದ್ದು ನನ್ನದೇ, ಆ ಸೈಕಲ್ ಬ್ರೇಕಿನದು. ಊರಿಗೆಲ್ಲ ಕೇಳಿತು. ನಾನು ಅದನ್ನು ಮೈಕಿನಲ್ಲಿ ಕೇಳಿದ್ದು ಅದೇ ಮೊದಲು. ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸಿತು, ಆದರೆ ನಾಚಿಕೆಯಾಗಿ ಬೇಗನೆ ದೊಡ್ಡಪ್ಪನೊಳಗೆ ಮರಳಿ ಹೊಕ್ಕೆ.

ಧ್ವನಿವರ್ಧಕದ ಆಚೆ ಬದಿಯ ಕಥೆ ನನಗೆ ಆಮೇಲೆ ತಿಳಿದದ್ದು. ಅಲ್ಲಿಯವರೆಗೆ ವರ್ಷವರ್ಷವೂ ಕೇಳಿದ ಧ್ವನಿ, ವರ್ಷವರ್ಷವೂ ಕೇಳಿದ ಭಜನೆ ಎಂದು ಯಾರೂ ಕಿವಿಗೊಟ್ಟಿರಲಿಲ್ಲ. ಮಾತಾಡಿದರೆ ಆಪರೇಷನ್ನು ಎಂದು ಡಾಕ್ಟರು ಹೆದರಿಸಿದ್ದ ಸೋಮಯ್ಯ, ಕಿಟ್ಟಿಯ ಟೇಪನ್ನು ಕಾಗೆಗೆ ಕಟ್ಟಿದ್ದ ಸೋಮಯ್ಯ, ನಡುಮಧ್ಯಾಹ್ನ ದೇವಸ್ಥಾನದಲ್ಲಿ ಕಿಟ್ಟಿಯ ಪದ ಕೂಗುತ್ತಿದ್ದಾನೆ! ಚಾಪೆಯ ಮೇಲೆ ಅಡ್ಡಾದವರೆಲ್ಲ ಎದ್ದರು. ಹೆಂಗಸರು ಮೀನಿನ ಬುಟ್ಟಿ ಅಲ್ಲಲ್ಲೇ ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ದೇವಸ್ಥಾನದ ಬಾಗಿಲು ತುಂಬಿತು, ಎಲ್ಲರನ್ನೂ ಸರಿಸಿಕೊಂಡು ದೊಡ್ಡಮ್ಮ ಬಂದಳು. ಕೈತುಂಬ ಬಂಗಡೆಯ ಹುರುಪೆ, ಬಾಯಿತುಂಬ ಮಾತು.

“ಬಾಯಿ ಬಿಡಬೇಡಿ ಅಂದ್ರೆ ಇವ್ರಿಗೆ ಎಂತ ಬಂದದೆ! ಅದೂ ಆ ಹಾಳು ಕ್ಯಾಸೆಟ್ಟಿನ ಪದಾನಾ! ನಾಳೆ ಕುಮಟೆಗೆ ಗಂಟ್ಲು ಕೊಯ್ಸಲಿಕ್ಕೆ ಯಾರು...”

ಅಲ್ಲಿಗೆ ನಿಂತಳು. ಗಂಡನ ಬಾಯಿ ಹೊಲಿದಂತೆ ಮುಚ್ಚಿದೆ, ಗಂಡನ ಧ್ವನಿ ಮಾತ್ರ ದೇವಸ್ಥಾನದ ತುಂಬ ಓಡಾಡುತ್ತಿದೆ. ಅವಳು ಇಬ್ಬರನ್ನೂ ಎರಡೆರಡು ಸಲ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಭುಜ ಕುಣಿಯುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಬಾಗಿಲಿನ ಹುಡುಗರು “ಸೈಡ್ ಕೊಡೋ ವಿಠಲ” ಎಂದು ದನಿಗೂಡಿಸಿದರು. ಮಧ್ಯಾಹ್ನದ ಪಾಳಿಯಲ್ಲಿ ಅಷ್ಟು ಜನರ ಬಾಯಿ ಸೇರಿದ್ದನ್ನು ಜಟ್ಟಿ ಅಜ್ಜ ಕೂಡ ಕಂಡಿರಲಿಲ್ಲವಂತೆ. ಕೇಳಿರಲಿಲ್ಲ ಎಂದರೆ ಅವನ ಮಟ್ಟಿಗೆ ಅರ್ಥವಿಲ್ಲ.

ಸುಬ್ರಾಯ ಮಾಸ್ತರು ಕಣ್ಣು ಬಿಟ್ಟದ್ದು ಆವಾಗ. ಕನ್ನಡಕ ಹುಡುಕಿಕೊಂಡರು. ಹಾಕಿಕೊಂಡರು. ಕೇಳಿದ್ದನ್ನು ನಂಬಲು ಕನ್ನಡಕದಿಂದ ಉಪಯೋಗವಾಗಲಿಲ್ಲ.

ಮೂರಾಗುವ ಹೊತ್ತಿಗೆ ತೆಂಕಲಕೇರಿಯವರು ಹಳದಿ ಅಂಗಿಯಲ್ಲಿ ಬಂದು ನಮ್ಮ ತಾಳಕ್ಕೆ ಕೈ ಸೇರಿಸಿ ಕೂತರು. ಮುಂದಿನ ಪಾಳಿ ಅವರದೇ. ನಾವು ಎದ್ದೆವು. ಒಳಗೆ ಹಾರ್ಮೋನಿಯಂ ಜೊತೆ ಶಾಸ್ತ್ರೋಕ್ತ ಭಜನೆ ನಡೆಯುತ್ತಿರಲು, ಹೊರಗೆ ಅಂಗಳದಲ್ಲಿ ಮಾಸ್ತರು ನಮ್ಮನ್ನು ನಿಲ್ಲಿಸಿಕೊಂಡರು. ದಂಡೆಯಿಂದ ಓಡಿ ಬಂದ ನಮ್ಮ ಭಜಕರು ಒದ್ದೆ ಬಟ್ಟೆಯಲ್ಲಿ, ತಪ್ಪಿತಸ್ಥರಂತೆ ದೂರ ನಿಂತರು. ಹಳದಿ ಅಂಗಿಯವರ ಮುಖಂಡ ಬಾಗಿಲಿನಲ್ಲಿ ನಿಂತು ಆಕಾಶ ನೋಡುತ್ತಿದ್ದ, ಕಿವಿ ಮಾತ್ರ ಅಂಗಳದಲ್ಲಿತ್ತು.

“ಇದು ಭಜನೆಯಲ್ಲ,” ಎಂದರು ಮಾಸ್ತರು. ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. “ದೇವರ ಎದುರು ಆ ಸರಪಳಿಯವನ ಅಣಕ. ನನ್ನ ಆಯುಷ್ಯದಲ್ಲಿ ಈ ದೇವಸ್ಥಾನದಲ್ಲಿ ಭಜನೆ ಮುರಿದದ್ದಿಲ್ಲ. ಈ ದಿನ ಮುರಿಯಿತು.”

“ತಾಳ ನಿಲ್ಲಲಿಲ್ಲ ಸಾರ್,” ಎಂದೆ.

“ನೀನು ಬಾಯಿ ಮುಚ್ಚತಕ್ಕದ್ದು! ತಾಳ ಒಂದೇ ಭಜನೆಯೇನೋ? ನಿನಗೆ ಅಕ್ಷರ ಕಲಿಸಿದ ತಪ್ಪಿಗೆ ಇದನ್ನೂ ಕೇಳಬೇಕಾಯಿತು. ಸೋಮಯ್ಯ, ನಿನ್ನ ಮೇಲೆ ನನಗೆ ಏನೂ ಇಲ್ಲ. ಆದರೆ ನಿಯಮದ ಪ್ರಕಾರ ಪಾಳಿ...”

ದೊಡ್ಡಪ್ಪ ಕೈ ಎತ್ತಿದ. ತಾಳವನ್ನು ಪಂಜೆಯ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿದ. ಅವನು ಉಸಿರು ತುಂಬಿಕೊಳ್ಳುವುದನ್ನು ಕಂಡ ದೊಡ್ಡಮ್ಮನಿಗೆ ಮೊದಲು ಗೊತ್ತಾಯಿತು. “ಬೇಡ, ನಿಮ್ಗೆ ಕೈ ಮುಗೀತೆ, ಡಾಕ್ಟ್ರು ಹೇಳಿದ್ದು ನೆನಪಿಲ್ವ, ನಾ ಹೇಳ್ತೆ ಬಿಡಿ, ಎಂತ ಹೇಳಬೇಕು ತೋರ್ಸಿ ಸಾಕು” ಎಂದು ತೋಳು ಹಿಡಿದಳು. ಈ ಮಾತನ್ನು ಅನುವಾದಕ್ಕೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ತೋಳು ಬಿಡಿಸಿಕೊಂಡು ಮಾಸ್ತರ ಹತ್ತಿರ ಹೋದ. ಹೊರಗೆ ಬಂದದ್ದು ಧ್ವನಿಯಲ್ಲ, ಮರಳಿನ ಮೇಲೆ ದೋಣಿ ಎಳೆದಂಥ ಒಂದು ಸದ್ದು. ಅದನ್ನು ಅಣಕಿಸಲು ನಾನು ಇವತ್ತಿನವರೆಗೂ ಹೋಗಿಲ್ಲ. ಆ ಸದ್ದು ಮುಗಿದ ಮೇಲೆ ಹಳದಿ ಅಂಗಿಯವನು ಒಳಗೆ ಸರಿದ, ಮಾಸ್ತರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು, ಪಾಳಿಯ ಮಾತು ಆ ದಿನವಾಗಲಿ ಮುಂದಾಗಲಿ ಯಾರ ಬಾಯಲ್ಲೂ ಬರಲಿಲ್ಲ. ದೊಡ್ಡಪ್ಪ ಹೇಳಿದ್ದು ಇಷ್ಟೇ:

“ಮಾಸ್ತರೆ, ಇಷ್ಟು ವರ್ಷ ನಾ ಹಾಡುವಾಗ ನೀವು ಆ ಕಂಬಕ್ಕೆ ಒರಗಿ ಗೊರಕೆ ಹೊಡದ್ರಿ. ಭಜನೆ ಮುರೀತು ಹೇಳಿ ನಾ ಒಂದ್ ದಿನ ಆದ್ರೂ ಹೇಳಿದ್ನಾ?”